ಜಮೀನಿಲ್ಲದವರ ಮಕ್ಕಳಿಗೆ ಕೃಷಿ ಪಾಠ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಮೊನ್ನೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಒಂದು ಶಾಲೆಗೆ ಹೋಗಿದ್ದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಆಧುನಿಕ ಕೃಷಿಯಲ್ಲಿ ಏನೇನು ಉದ್ಯೋಗ ಇದೆ ಅಂತ ತಿಳಿಸುವ ಕಾರ್ಯಕ್ರಮ. ಬಂದಿದ್ದ ಅತಿಥಿಗಳು ಡ್ರೋನು, ಹನಿ ನೀರಾವರಿ, ಪಾಲಿಹೌಸು, ರಫ್ತು ಅಂತ ಎಲ್ಲಾನೂ ಚೆನ್ನಾಗೇ ಹೇಳಿದರು. ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, "ಸಾ, ನಮ್ಗ ಜಮೀನೇ ಇಲ್ಲ. ನಮ್ಮವ್ವ ಚೆಂಡೂವ ಕುಯ್ಯಕ್ಕ ಕೂಲಿಗೋಯ್ತಳ. ನಾನೇನ ಓದದು?" ಅಂದಳು. ಒಂದಿಬ್ಬರು ನಕ್ಕರು. ಅತಿಥಿಗಳು "ಒಳ್ಳೇ ಪ್ರಶ್ನೆ" ಅಂದು ಮುಂದಕ್ಕೆ ಹೋದರು.

ಆ ಪ್ರಶ್ನೆ ಹೊಸದಲ್ಲ. ಅದಕ್ಕೆ ನೂರನಲವತ್ತು ವರ್ಷದ ಇತಿಹಾಸ ಇದೆ.

1882ರ ಅಕ್ಟೋಬರ್‌ನಲ್ಲಿ ಜ್ಯೋತಿಬಾ ಫುಲೆ ಹಂಟರ್ ಶಿಕ್ಷಣ ಆಯೋಗಕ್ಕೆ ಒಂದು ಮನವಿ ಕೊಟ್ಟರು. ಹಳ್ಳಿ ಶಾಲೆಯಲ್ಲಿ ಓದು, ಬರಹ, ಲೆಕ್ಕದ ಜೊತೆ ಕೃಷಿಯ ಮೂಲಪಾಠವೂ ಇರಬೇಕು, ಶಾಲೆಗೆ ಸೇರಿದಂತೆ ಒಂದು ಸಣ್ಣ ಮಾದರಿ ಹೊಲ ಇರಬೇಕು, ಮೇಷ್ಟ್ರುಗಳು ದುಡಿಯುವ ಜನರಿಂದಲೇ ಬರಬೇಕು ಅಂತ ಕೇಳಿದರು. ನೇಗಿಲು ಹಿಡಿದವನ ಮಗನಿಗೆ ಮತ್ತೆ ನೇಗಿಲೇ ಕೊಡಿ ಅನ್ನೋದು ಫುಲೆ ಮಾತಿನ ಅರ್ಥ ಅಲ್ಲ. ಅವನಿಗೆ ಅಕ್ಷರ, ಲೆಕ್ಕ, ವಿಜ್ಞಾನ ಮೂರೂ ಸಿಗಬೇಕು, ಆಗ ಶಾನುಭೋಗನೂ ಸಾಹುಕಾರನೂ ಅವನಿಗೆ ಮೋಸ ಮಾಡಕ್ಕಾಗಲ್ಲ ಅನ್ನೋದು ಅರ್ಥ.

ನಮ್ಮ ಮೈಸೂರು ಸಂಸ್ಥಾನದಲ್ಲಿ 1899ರಲ್ಲಿ ಮಹಾರಾಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಪ್ರಯೋಗದ ತೋಟ ಶುರುವಾಯಿತು. 1913ರಲ್ಲಿ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಅಲ್ಲೇ ಕೃಷಿ ಶಾಲೆ ಬಂತು, 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಇವೆಲ್ಲ ದೊಡ್ಡ ಕೆಲಸಗಳೇ, ಇಲ್ಲ ಅನ್ನಲ್ಲ. ಆದರೆ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆದ ಅದೇ ದಶಕದಲ್ಲಿ, ನಮ್ಮ ಮಕ್ಕಳನ್ನು ಸಾಮಾನ್ಯ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳೋದಕ್ಕೇ ಈ ಸಂಸ್ಥಾನದಲ್ಲಿ ಗಲಾಟೆ ನಡೀತಿತ್ತು. ಹೊಲದಲ್ಲಿ ದುಡಿಯೋರು ಒಂದು ಕಡೆ, ಕೃಷಿ ಓದೋರು ಇನ್ನೊಂದು ಕಡೆ ಆಗಿದ್ದು ಹೀಗೆ.

ಇನ್ನೊಂದು ಕಥೆ ನಮ್ಮ ಜಿಲ್ಲೆಗೇ ಸೇರಿದ್ದು. ಇವತ್ತು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ರಾಜ್ಯದಲ್ಲಿ 1953ರಲ್ಲಿ ಮುಖ್ಯಮಂತ್ರಿ ರಾಜಾಜಿ ಹಳ್ಳಿ ಶಾಲೆಗಳಿಗೆ ಒಂದು ಯೋಜನೆ ತಂದರು. ಮಕ್ಕಳಿಗೆ ದಿನದಲ್ಲಿ ಒಂದು ಹೊತ್ತು ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಬೇಕು. ಕೇಳೋಕೆ ಎಷ್ಟು ಚೆಂದ! ಆದರೆ ಪೆರಿಯಾರ್ ಇದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗಿಳಿದರು. ಕೂಲಿಯವನ ಮಗ ಮಧ್ಯಾಹ್ನದ ಮೇಲೆ ಏನು ಕಲೀಬೇಕು? ಕೂಲಿ ತಾನೇ? 1954ರಲ್ಲಿ ರಾಜಾಜಿ ಕೆಳಗಿಳಿದರು, ಕಾಮರಾಜ್ ಬಂದು ಯೋಜನೆಯನ್ನೇ ಕೈಬಿಟ್ಟರು.

ನೋಡಿ, ಫುಲೆ ಕೇಳಿದ್ದೂ ಶಾಲೆಯಲ್ಲಿ ಕೃಷಿ ಪಾಠ, ರಾಜಾಜಿ ತಂದಿದ್ದೂ ಕಸುಬಿನ ಪಾಠ. ಆದರೆ ಒಂದು ಮಗುವನ್ನು ಮುಂದಕ್ಕೆ ಕರೆದೊಯ್ಯುತ್ತೆ, ಇನ್ನೊಂದು ಹುಟ್ಟಿದ ಕೇರಿಯಲ್ಲೇ ಕಟ್ಟಿಹಾಕುತ್ತೆ. ಶಾಲೆಯಲ್ಲಿ ಯಾರೇ ಕೃಷಿ ಪಾಠ ತಂದರೂ ನಾವು ಕೇಳಬೇಕಾದ ಪ್ರಶ್ನೆ ಇದೇ: ಇದು ಫುಲೆ ಪಾಠವೋ, ಕುಲಕಸುಬಿನ ಪಾಠವೋ?

ನಮ್ಮವರಿಗೆ ಕೃಷಿ ಗೊತ್ತಿಲ್ಲ ಅನ್ನಬೇಡಿ. ನಮ್ಮ ತಾತ ನೀರಗಂಟಿ. ಕೆರೆ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನೋದು ಅವರ ತಲೆಯಲ್ಲಿತ್ತು. ಇವತ್ತು ಅದನ್ನೇ ನೀರು ನಿರ್ವಹಣೆ ಅಂತ ಕೋರ್ಸು ಮಾಡಿ ಕಲಿಸ್ತಾರೆ. ತಾತನಿಗೆ ಸಿಕ್ಕಿದ್ದು ಚಾಕರಿಯ ಹೆಸರು ಮಾತ್ರ.

ಅಂಬೇಡ್ಕರರು 1918ರಲ್ಲೇ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಲೇಖನ ಬರೆದರು. ಹಿಡುವಳಿ ಸಣ್ಣದು ಅನ್ನೋದೊಂದೇ ರೋಗ ಅಲ್ಲ, ಬಂಡವಾಳ ಮತ್ತು ಸಲಕರಣೆ ಇಲ್ಲದಿರೋದು, ಭೂಮಿ ಮೇಲೇ ಎಲ್ಲರೂ ಬಿದ್ದಿರೋದು ನಿಜವಾದ ರೋಗ ಅಂದರು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಗುಂಡ್ಲುಪೇಟೆ ರಸ್ತೆಯಲ್ಲಿ ಸೂರ್ಯಕಾಂತಿ, ಚೆಂಡು ಹೂವಿನ ಮುಂದೆ ಫೋಟೋ ತೆಗೆಸಿಕೊಳ್ಳೋರಿಗೆ ಹೂ ಕಾಣುತ್ತೆ, ಬಗ್ಗಿ ಕುಯ್ಯೋರ ಬೆನ್ನು ಕಾಣಲ್ಲ.

ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪದಿರಲಿ ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಕಾಲಮಿತಿಯ ನೆಪದಲ್ಲಿ ಕೇಸುಗಳು ಬಿದ್ದುಹೋಗ್ತಿದ್ದವು, ಹೋರಾಟ ಮಾಡಿದ ಮೇಲೆ 2023ರಲ್ಲಿ ತಿದ್ದುಪಡಿ ಆಯಿತು. ನಾನು ಆಫೀಸಿನಲ್ಲಿ ದಿನಾ ಕಾಗದ ನೋಡೋನು. ಪಹಣಿ, ಮ್ಯುಟೇಶನ್ ಓದೋದನ್ನು ಕಲಿಸದೇ ಇರೋ ಕೃಷಿ ಪಾಠ ಅರ್ಧ ಪಾಠ ಅಂತ ಧೈರ್ಯವಾಗಿ ಹೇಳ್ತೀನಿ.

ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿ ಹತ್ತಿರ ಕೂತು ಹೇಳಿದೆ: ಕೃಷಿ ಓದೋಕೆ ಜಮೀನು ಬೇಕಿಲ್ಲ ಕಣವ್ವ. ಪಿಯುಸಿಯಲ್ಲಿ ವಿಜ್ಞಾನ ತಗೊಂಡು ಸಿಇಟಿ ಬರೆದರೆ ನಾಲ್ಕು ವರ್ಷದ ಬಿಎಸ್ಸಿ ಕೃಷಿ, ಅದಾಗದಿದ್ದರೆ ಎಸ್ಸೆಸ್ಸೆಲ್ಸಿ ಮೇಲೆ ಎರಡು ವರ್ಷದ ಕೃಷಿ ಡಿಪ್ಲೊಮಾ. ಕೃಷಿ ಇಲಾಖೆ, ತೋಟಗಾರಿಕೆ, ರೇಷ್ಮೆ, ಬ್ಯಾಂಕಿನ ಕೃಷಿ ಅಧಿಕಾರಿ, ಮಣ್ಣು ಪರೀಕ್ಷೆ, ಬೀಜ ಪರೀಕ್ಷೆ, ಇವೆಲ್ಲ ಕೆಲಸಗಳೇ. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಮೇಷ್ಟ್ರ ಜೊತೆ ಒಂದು ಸಲ ಹೋಗಿ ನೋಡು. ಅವ್ವನ ಹೆಸರಿಗೆ ಭೂಮಿ ಬೇಕು ಅಂದರೆ ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ ಇದೆ, ಭೂಮಿಯಿಲ್ಲದ ಕೂಲಿ ಹೆಣ್ಣುಮಕ್ಕಳಿಗೇ ಇರೋದು, ಅರ್ಧ ಸಹಾಯಧನ, ಅರ್ಧ ಸಾಲ. ಅರ್ಜಿ ನಾನೇ ಬರೆದುಕೊಡ್ತೀನಿ.

ಅವಳು ಎಲ್ಲಾನೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರಕೊಂಡಳು.

ಗೆಳೆಯರೇ, ನಿಮ್ಮೂರಿನ ಶಾಲೆಗೂ ಒಂದು ದಿನ ಹೋಗಿ. ಹಿಂದಿನ ಸಾಲಲ್ಲಿ ಕೂತ ಮಕ್ಕಳನ್ನು ಮಾತಾಡಿಸಿ. ಅರ್ಜಿ ಬರೆಯೋರು ಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್. ಜೈ ಫುಲೆ.