ಆರು ರುಚಿಯ ಲೆಕ್ಕ, ಗಣಕದ ತೊಡಕು

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿ ತನ್ನ ಹೆಸರಿನಲ್ಲೇ ಸಿಹಿಯನ್ನು ಹೊತ್ತಿರುವ ಊರು. ಈ ಸೀಮೆಯೆಲ್ಲ ರಾಷ್ಟ್ರಕೂಟರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಸಿಹಿಯೂ ಸೇರಿದಂತೆ ಆರು ರುಚಿಗಳನ್ನು ಮುಂದಿಟ್ಟುಕೊಂಡು ಜೈನ ಪಂಡಿತನೊಬ್ಬ ಒಂದು ಲೆಕ್ಕ ಹೇಳಿದ. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಅದೇ ಲೆಕ್ಕ ಕಂಪ್ಯೂಟರನ್ನೂ ಎಡವಿಸಿತು.

ಆ ಪಂಡಿತ ಮಹಾವೀರಾಚಾರ್ಯ. ಸುಮಾರು ಕ್ರಿ.ಶ. 850ರಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಆತ ದೊರೆ ನೃಪತುಂಗನನ್ನು ಹೊಗಳಿದ್ದಾನೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಇವುಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬುದು ಅವನ ಪ್ರಶ್ನೆ. ಆರರಲ್ಲಿ ಮೂರನ್ನು ಆಯಬೇಕೆಂದರೆ ಆರು, ಐದು, ನಾಲ್ಕನ್ನು ಗುಣಿಸಿ, ಒಂದು, ಎರಡು, ಮೂರರ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ 20. ಯಾವ ಸಂಖ್ಯೆಗೂ ಹೊಂದುವಂತೆ ಈ ಸೂತ್ರವನ್ನು ಆತ ಕೊಟ್ಟ. ಯುರೋಪಿನಲ್ಲಿ ಹೆರಿಗೋನ್ ಇದನ್ನು ಪ್ರಕಟಿಸಿದ್ದು 1634ರಲ್ಲಿ.

1713ರಲ್ಲಿ ಅಚ್ಚಾದ ಯಾಕೋಬ್ ಬೆರ್ನೂಲಿಯ ಗ್ರಂಥದಲ್ಲಿ ಈ ಎಣಿಕೆ ಸಂಭವನೀಯತೆಯೊಡನೆ ಸೇರಿತು. ಅದೇ ಇಂದಿನ ದ್ವಿಪದ ವಿತರಣೆ. ಬಿತ್ತಿದ ಬೀಜಗಳಲ್ಲಿ ಎಷ್ಟು ಮೊಳೆತಾವು, ಔಷಧ ಪಡೆದವರಲ್ಲಿ ಎಷ್ಟು ಮಂದಿ ಗುಣವಾದಾರು ಎಂಬ ಅಂದಾಜಿಗೆ ಇದೇ ಆಧಾರ.

ಕಂಪ್ಯೂಟರ್ ಎಡವಿದ್ದು ಇಲ್ಲೇ. ನಾಣ್ಯವನ್ನು 1,030 ಸಲ ಚಿಮ್ಮಿದಾಗ ಸರಿಯಾಗಿ 515 ಸಲ ತಲೆ ಬೀಳುವ ಸಾಧ್ಯತೆ ಎಷ್ಟು? ನೂರಕ್ಕೆ ಸುಮಾರು ಎರಡೂವರೆ. ಆದರೆ ‘ಎಕ್ಸೆಲ್ 97’ ಈ ಪ್ರಶ್ನೆಗೆ ಅಂಕಿಯ ಬದಲು ದೋಷಸೂಚನೆ ಕೊಡುತ್ತಿತ್ತು. 1,030ರಲ್ಲಿ 515ನ್ನು ಆಯುವ ಬಗೆಗಳ ಸಂಖ್ಯೆ 309 ಅಂಕಿಗಳಷ್ಟು ಉದ್ದ. ಯಂತ್ರ ಹಿಡಿದಿಡಬಲ್ಲ ಗರಿಷ್ಠ ಸಂಖ್ಯೆಯನ್ನೂ ಅದು ಮೀರುತ್ತದೆ. ಉತ್ತರ ಪುಟ್ಟದು, ನಡುವಿನ ಮೆಟ್ಟಿಲು ಬೆಟ್ಟದಷ್ಟು. ಮ್ಯೂನಿಕ್‌ನ ಸಂಖ್ಯಾಶಾಸ್ತ್ರಜ್ಞ ಲಿಯೊ ಕ್ನ್ಯೂಜೆಲ್ 1998ರಲ್ಲಿ ಇಂಥ ದೋಷಗಳನ್ನು ತೋರಿಸಿಕೊಟ್ಟರು. ಬೇರೆ ಕೆಲವು ಸೂತ್ರಗಳು ಎಚ್ಚರಿಕೆಯನ್ನೇ ಕೊಡದೆ ತಪ್ಪು ಅಂಕಿಯನ್ನು ತೋರುತ್ತಿದ್ದವು. ಅದು ಇನ್ನೂ ಅಪಾಯ.

ದ್ವಿಪದದ ತೊಡಕು 2003ರ ಆವೃತ್ತಿಯಲ್ಲಿ ಪರಿಹಾರವಾಯಿತು. ಸೂತ್ರ ಬದಲಾಗಲಿಲ್ಲ, ಲೆಕ್ಕ ಮಾಡುವ ಕ್ರಮ ಬದಲಾಯಿತು. ಬೃಹತ್ ಸಂಖ್ಯೆಯನ್ನು ಪೂರ್ತಿ ಕಟ್ಟದೆ, ಪಕ್ಕಪಕ್ಕದ ಎರಡು ಸಾಧ್ಯತೆಗಳ ಅನುಪಾತವನ್ನು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಸಾಗುವುದೇ ಆ ಉಪಾಯ.

ಇಂದಿಗೂ ಇಂಥ ಸೂತ್ರ ಕೈಕೊಟ್ಟರೆ ಮೊದಲು ಕೊಟ್ಟ ಅಂಕಿಗಳನ್ನು ನೋಡಬೇಕು. ನೂರಕ್ಕೆ ನಲವತ್ತು ಎಂಬುದನ್ನು 0.4 ಎನ್ನದೆ 40 ಎಂದು ಬರೆದರೂ ದೋಷವೇ ಬರುತ್ತದೆ. ಅಂಕಿ ಸರಿಯಿದ್ದರೆ, ಕೈಯಲ್ಲೇ ಬಿಡಿಸಬಹುದಾದ ಚಿಕ್ಕ ಲೆಕ್ಕವನ್ನು ಯಂತ್ರಕ್ಕೆ ಕೊಟ್ಟು ತಾಳೆ ನೋಡಬೇಕು. ಆರು ರುಚಿಗಳಲ್ಲಿ ಮೂರು ಎಂದರೆ 20 ಬರಲೇಬೇಕು. ಚಿಕ್ಕದರಲ್ಲಿ ಸರಿಯಾಗಿ, ದೊಡ್ಡದರಲ್ಲಿ ಮಾತ್ರ ಕೆಟ್ಟರೆ, ತಪ್ಪು ಮಹಾವೀರನ ಸೂತ್ರದ್ದಲ್ಲ; ಅದನ್ನು ಲೆಕ್ಕಕ್ಕಿಳಿಸಿದ ಕ್ರಮದ್ದು.