ಎರಡು ಪಿಸ್ತೂಲುಗಳ ಕಥೆ

ಕಳೆದ ಮಳೆಗಾಲದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹದಿನೈದು ವರ್ಷಗಳಿಂದ ಅಮೆರಿಕದ ಟೆಕ್ಸಸ್‌ನಲ್ಲಿ ನೆಲೆಸಿರುವವನು. ಹೆಸರು ಬರೆಯುವುದಿಲ್ಲ, ಅವನ ತರಗತಿಯವರು ಊಹಿಸಿಕೊಳ್ಳಬಹುದು, ಊಹಿಸಿ ಸುಮ್ಮನಿರಬೇಕೆಂದು ನನ್ನ ಕೋರಿಕೆ. ಕಾಫಿ ಮುಗಿದ ಮೇಲೆ ಫೋನನ್ನು ನನ್ನ ಮುಂದೆ ಹಿಡಿದು ಎರಡು ಚಿತ್ರಗಳನ್ನು ತೋರಿಸಿದ. ಎರಡೂ ಪಿಸ್ತೂಲುಗಳು. ಎರಡೂ ಕಪ್ಪು, ಎರಡೂ ಚೌಕು ಮೂತಿಯವು, ಎರಡರ ಹಿಡಿಯೂ ಪಾಲಿಮರ್‌ನದು, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನದು. ಒಂದು ಗ್ಲಾಕ್, ಇನ್ನೊಂದು ಸಿಗ್ ಸಾವರ್ ಕಂಪನಿಯ ಪಿ320.

"ಪಕ್ಕದ ಬೀದಿಯಲ್ಲಿ ಕಳ್ಳತನವಾಯಿತು ಮೇಷ್ಟ್ರೇ. ಮನೆಯಲ್ಲಿ ಒಂದು ಇರಲಿ ಅಂತ ಯೋಚನೆ. ನೀವು ಎನ್.ಸಿ.ಸಿ. ನೋಡಿಕೊಳ್ಳುತ್ತಿದ್ದಿರಲ್ಲ, ಎರಡರಲ್ಲಿ ಯಾವುದು ಆದೀತು ಹೇಳಿ" ಎಂದ.

ನನ್ನ ಶಸ್ತ್ರವಿದ್ಯೆ ಎನ್.ಸಿ.ಸಿ. ಶಿಬಿರದ .22 ರೈಫಲ್ಲಿಗೆ ಮುಗಿದುಹೋದದ್ದು. ಪಿಸ್ತೂಲನ್ನು ಕೈಯಲ್ಲಿ ಹಿಡಿದವನೇ ಅಲ್ಲ. ನಮ್ಮ ದೇಶದಲ್ಲಂತೂ ಅವನು ತೋರಿಸಿದಂಥ 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಹಾಗೆಂದೇ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವನು ಹೋದ ಮೇಲೆ ಚರಿತ್ರೆಯ ಮೇಷ್ಟ್ರ ಚಾಳಿ ಬಿಡಲಿಲ್ಲ. ಓದುತ್ತಾ ಹೋದೆ. ಓದಿದಂತೆ ತಿಳಿದದ್ದೇನೆಂದರೆ, ನನ್ನ ಶಿಷ್ಯನಿಗೆ ಎದುರಾದ ಪ್ರಶ್ನೆಯೇ ಕೆಲವು ವರ್ಷಗಳ ಹಿಂದೆ ಅಮೆರಿಕದ ಭೂಸೇನೆಗೂ ಎದುರಾಗಿತ್ತು, ಅದೂ ಹೆಚ್ಚುಕಡಿಮೆ ಇದೇ ಎರಡು ಪಿಸ್ತೂಲುಗಳ ನಡುವೆ. ಅವನಿಗೆ ಪತ್ರವಾಗಿ ಬರೆದುದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಈ ಎರಡು ಮನೆತನಗಳ ಪರಿಚಯ. ಗ್ಯಾಸ್ಟನ್ ಗ್ಲಾಕ್ (1929–2023) ವಿಯೆನ್ನಾ ನಗರದ ಸಮೀಪದ ಡಾಯ್ಚ್ ವಾಗ್ರಾಮ್ ಎಂಬ ಊರಿನಲ್ಲಿ ಪರದೆ ತೂಗುಹಾಕುವ ಸರಳುಗಳನ್ನೂ, ಆಸ್ಟ್ರಿಯದ ಸೈನ್ಯಕ್ಕೆ ಚಾಕು ಮತ್ತು ಕಂದಕ ತೋಡುವ ಸಲಿಕೆಗಳನ್ನೂ ಮಾಡಿಕೊಡುತ್ತಿದ್ದವರು. ಐವತ್ತರ ವಯಸ್ಸಿನವರೆಗೆ ಅವರು ಒಂದು ಪಿಸ್ತೂಲನ್ನೂ ತಯಾರಿಸಿದವರಲ್ಲ. 1980ರ ಸುಮಾರಿಗೆ ಆಸ್ಟ್ರಿಯದ ಸೈನ್ಯವು ಎರಡನೆಯ ಮಹಾಯುದ್ಧದ ಕಾಲದ ವಾಲ್ಟರ್ ಪಿ38 ಪಿಸ್ತೂಲುಗಳಿಗೆ ಬದಲಿ ಹುಡುಕುತ್ತಿದೆಯೆಂದು ತಿಳಿದು, ತಿಳಿದವರನ್ನು ಕೂಡಿಸಿ, "ಪಿಸ್ತೂಲಿನಲ್ಲಿ ನಿಮಗೆ ಏನೇನು ಬೇಕು?" ಎಂದು ಕೇಳಿದರಂತೆ. ಮೊದಲ ಮಾದರಿಗಳನ್ನು ಅವರು ಎಡಗೈಯಲ್ಲಿ ಹಾರಿಸಿ ನೋಡುತ್ತಿದ್ದರೆಂಬ ಕಥೆಯೊಂದಿದೆ. ಅಕಸ್ಮಾತ್ ಸಿಡಿದು ಕೈ ಹೋದರೂ ನಕ್ಷೆ ಬರೆಯಲು ಬಲಗೈ ಉಳಿಯಲಿ ಎಂದು. 1982ರಲ್ಲಿ ಆಸ್ಟ್ರಿಯದ ಸೈನ್ಯ ಅವರ ಪಿಸ್ತೂಲನ್ನೇ ಆರಿಸಿತು. ಅದೇ ಗ್ಲಾಕ್ 17.

ಪ್ಲಾಸ್ಟಿಕ್ಕಿನ ಒಡಲು ಗ್ಲಾಕ್ ಅವರ ಸ್ವಂತ ಕಲ್ಪನೆಯೇನಲ್ಲ. ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಕಂಪನಿ 1970ರಲ್ಲಿಯೇ ವಿಪಿ70 ಎಂಬ ಅಂತಹ ಪಿಸ್ತೂಲನ್ನು ತಂದಿತ್ತು; ಅದು ಜನರ ಮನಸ್ಸಿಗೆ ಹಿಡಿಸಲಿಲ್ಲ. ಗ್ಲಾಕ್ ಮಾತ್ರ ಹಿಡಿಸಿತು. ಹಗುರ, ತುಕ್ಕು ಹಿಡಿಯದು, ಬಿಡಿಭಾಗಗಳು ಕೆಲವೇ ಕೆಲವು. ಹೊಸದಾಗಿ ಬಂದಾಗ ಅಮೆರಿಕದಲ್ಲಿ ದೊಡ್ಡ ಗುಲ್ಲೆದ್ದಿತು: ಪ್ಲಾಸ್ಟಿಕ್ ಪಿಸ್ತೂಲು ವಿಮಾನ ನಿಲ್ದಾಣದ ತಪಾಸಣಾ ಯಂತ್ರದ ಕಣ್ಣಿಗೆ ಬೀಳುವುದಿಲ್ಲವೆಂದು. ನಳಿಗೆಯೂ ಮೇಲಿನ ಸ್ಲೈಡೂ ಶುದ್ಧ ಉಕ್ಕಿನವು. ಯಂತ್ರದ ಕಣ್ಣಿಗೆ ಚೆನ್ನಾಗಿಯೇ ಬೀಳುತ್ತವೆ. ಆದರೂ 1988ರಲ್ಲಿ ಅಲ್ಲಿನ ಸಂಸತ್ತು ಪತ್ತೆಯಾಗದ ಬಂದೂಕುಗಳ ವಿರುದ್ಧ ಕಾನೂನು ಮಾಡಿತು. ಗ್ಲಾಕಿಗೆ ಅದರಿಂದ ಯಾವ ಬಾಧಕವೂ ಆಗಲಿಲ್ಲ.

ಸಿಗ್ ಇನ್ನೂ ಹಳೆಯದು. 1853ರಲ್ಲಿ ಸ್ವಿಟ್ಜರ್ಲೆಂಡಿನ ರೈನ್ ಜಲಪಾತದ ಬಳಿ ರೈಲುಗಾಡಿಯ ಬೋಗಿಗಳನ್ನು ಕಟ್ಟುವ ಕಾರ್ಖಾನೆಯಾಗಿ ಹುಟ್ಟಿ, ಆಮೇಲೆ ಸ್ವಿಸ್ ಸೈನ್ಯದ ರೈಫಲ್ ಗುತ್ತಿಗೆ ಸಿಕ್ಕಿ ಬಂದೂಕಿನ ಕಡೆಗೆ ಹೊರಳಿತು. ಸಾವರ್ ಎಂಬ ಜರ್ಮನ್ ಕಂಪನಿಯೊಡನೆ ಕೈಜೋಡಿಸಿದ್ದು ಬಹಳ ಮುಂದೆ, ಸ್ವಿಟ್ಜರ್ಲೆಂಡಿನ ಶಸ್ತ್ರ ರಫ್ತಿನ ಕಟ್ಟುಪಾಡುಗಳನ್ನು ದಾಟುವ ಸಲುವಾಗಿ. ಇಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಅದರ ಮುಖ್ಯ ನೆಲೆ. ಪರದೆ ಸರಳಿನವನೂ ರೈಲುಗಾಡಿಯವನೂ ಒಂದೇ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಬಂದು ಕುಳಿತಿದ್ದಾರೆ.

ಈಗ ಸೈನ್ಯದ ಕಥೆ. ಇದನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕು. 1911ರಿಂದ ಬಳಸುತ್ತಿದ್ದ ಕೋಲ್ಟ್ ಪಿಸ್ತೂಲನ್ನು ಬದಲಿಸಲು ಅಮೆರಿಕದ ಸೈನ್ಯವು 1984ರಲ್ಲಿ ಪರೀಕ್ಷೆಗಳನ್ನು ನಡೆಸಿತು. ಸ್ಪರ್ಧಿಗಳು ಹಲವರಿದ್ದರೂ ಕೊನೆಗೆ ತೇರ್ಗಡೆಯಾದದ್ದು ಎರಡೇ: ಇಟಲಿಯ ಬೆರೆಟಾ ಮತ್ತು ಸಿಗ್‌ನ ಪಿ226. ಇವೆರಡರ ಒಡಲು ಪಾಲಿಮರ್‌ನದಲ್ಲ, ಲೋಹದ್ದು. ಬಿಡಿ ಪಿಸ್ತೂಲಿನ ಬೆಲೆಯಲ್ಲಿ ಸಿಗ್ ಅಗ್ಗವಾಗಿತ್ತು. ಆದರೆ ಮ್ಯಾಗಜೀನ್, ಬಿಡಿಭಾಗಗಳನ್ನೆಲ್ಲ ಸೇರಿಸಿ ಒಟ್ಟು ಲೆಕ್ಕ ಹಾಕಿದಾಗ ಬೆರೆಟಾ ಕಡಿಮೆಗೆ ಬಂದಿತು. 1985ರ ಜನವರಿಯಲ್ಲಿ ಬೆರೆಟಾ ಗೆದ್ದಿತು. ಎರಡು ಮೂರು ವರ್ಷಗಳಲ್ಲಿಯೇ ಕೆಲವು ಬೆರೆಟಾಗಳ ಸ್ಲೈಡುಗಳು ಹಾರಿಸುವಾಗ ಮುರಿದು, ಹಾರಿಸಿದವರಿಗೇ ಪೆಟ್ಟಾಯಿತು. ವಿವಾದವೆದ್ದು 1988ರಲ್ಲಿ ಮರುಪರೀಕ್ಷೆ ಮಾಡಿದರು. ಮತ್ತೆ ಬೆರೆಟಾ ಗೆದ್ದಿತು. ಸಿಗ್ ಬರಿಗೈಯಲ್ಲಿಯೇ ಉಳಿಯಿತು.

ಮೂವತ್ತು ವರ್ಷ ಸಂದ ಮೇಲೆ, 2015ರ ಆಗಸ್ಟಿನಲ್ಲಿ, ಬೆರೆಟಾಗೆ ಬದಲಿ ಹುಡುಕುವ ಟೆಂಡರ್ ಹೊರಬಿದ್ದಿತು. ಬೇಡಿಕೆಯ ಕಾಗದವೇ 350 ಪುಟಗಳಿಗೂ ಹೆಚ್ಚು. ಅಂದಿನ ಸೇನಾ ಮುಖ್ಯಸ್ಥ ಜನರಲ್ ಮಾರ್ಕ್ ಮಿಲಿ ಅವರೇ ಬೇಸತ್ತು, ಪರೀಕ್ಷೆಗೆಂದು ಇಟ್ಟಿರುವ 1.7 ಕೋಟಿ ಡಾಲರನ್ನು ತನ್ನ ಕೈಗೆ ಕೊಟ್ಟರೆ ಅಂಗಡಿಗೆ ಹೋಗಿ ಎಲ್ಲರಿಗೂ ಪಿಸ್ತೂಲು ಕೊಂಡು ತರುತ್ತೇನೆಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ನಮ್ಮ ಶಾಲೆಗಳಿಗೆ ಬೆಂಚು ತರಿಸಲು ಮೂರು ದರಪಟ್ಟಿ, ತುಲನಾತ್ಮಕ ತಖ್ತೆ, ಷರಾ ಎಂದು ಅಲೆದವರಿಗೆ ಜನರಲ್ ಸಾಹೇಬರ ಸಂಕಟ ಅರ್ಥವಾದೀತು.

ಬೇಡಿಕೆಯಲ್ಲಿ ಮುಖ್ಯವಾದದ್ದೊಂದಿತ್ತು. ಚಿಕ್ಕ ಕೈಯವರಿಗೂ ದೊಡ್ಡ ಕೈಯವರಿಗೂ ಹೊಂದುವಂತೆ ಪಿಸ್ತೂಲಿನ ಅಳತೆಗಳನ್ನು ಮಾರ್ಪಡಿಸಲು ಬರಬೇಕು. ಪಿ320ರ ಹೆಚ್ಚುಗಾರಿಕೆ ಅಲ್ಲಿಯೇ. ಅದರಲ್ಲಿ ಕಾನೂನಿನ ಕಣ್ಣಿಗೆ 'ಪಿಸ್ತೂಲು' ಎನಿಸುವುದು ಒಳಗಿನ ಒಂದು ಪುಟ್ಟ ಲೋಹದ ಚೌಕಟ್ಟು. ಸಂಖ್ಯೆ ಮುದ್ರಿಸಿರುವುದು ಅದರ ಮೇಲೆ. ಅದನ್ನು ಕಳಚಿ ಬೇರೆ ಬೇರೆ ಗಾತ್ರದ ಪ್ಲಾಸ್ಟಿಕ್ ಹಿಡಿಗಳಿಗೆ ಕೂರಿಸಬಹುದು. ಗ್ಲಾಕಿನಲ್ಲಿ ಹಿಡಿಯೇ ಒಡಲು. ಹಿಂಬದಿಯ ಪಟ್ಟಿಯನ್ನಷ್ಟೇ ಬದಲಾಯಿಸಬಹುದು. ಸೈನ್ಯವು ಹೆಬ್ಬೆರಳಿನಿಂದ ಒತ್ತುವ ಸುರಕ್ಷತಾ ಗುಂಡಿಯನ್ನೂ ಕೇಳಿತ್ತು. ಗ್ಲಾಕ್ ಅದನ್ನು ಸಾಮಾನ್ಯವಾಗಿ ಇಡುವುದಿಲ್ಲ. ಈ ಟೆಂಡರಿಗಾಗಿ ಇಟ್ಟುಕೊಟ್ಟಿತು.

ಉಳಿದವರೆಲ್ಲ ಹಿಂದೆ ಬಿದ್ದು ಕೊನೆಗೆ ಈ ಇಬ್ಬರೇ ಉಳಿದರು. 2017ರ ಜನವರಿ 19ರಂದು ಸಿಗ್ ಗೆದ್ದಿತೆಂಬ ಘೋಷಣೆಯಾಯಿತು. ಹತ್ತು ವರ್ಷಗಳ ಅವಧಿ, 58 ಕೋಟಿ ಡಾಲರುಗಳವರೆಗಿನ ಗುತ್ತಿಗೆ. ಗ್ಲಾಕ್ ಆಕ್ಷೇಪಣೆ ಸಲ್ಲಿಸಿತು. ಅಲ್ಲಿನ ಸರ್ಕಾರಿ ಹೊಣೆಗಾರಿಕೆ ಕಚೇರಿಯು ಅದೇ ವರ್ಷ ಜೂನ್ 5ರಂದು ಆಕ್ಷೇಪಣೆಯನ್ನು ತಳ್ಳಿಹಾಕಿತು. ಆ ತೀರ್ಮಾನದಿಂದಾಗಿಯೇ ಒಳಗಿನ ಲೆಕ್ಕ ಹೊರಗಿನವರಿಗೆ ತಿಳಿಯಿತು. ಗುಣದಲ್ಲಿ ಇಬ್ಬರೂ ಬಹುತೇಕ ಸಮ; ಸಿಗ್‌ಗೆ ಕೂದಲೆಳೆಯಷ್ಟು ಮೇಲುಗೈ. ಆದರೆ ಸಿಗ್‌ನ ದರ ಸುಮಾರು 16.95 ಕೋಟಿ ಡಾಲರ್, ಗ್ಲಾಕಿನದು 27.22 ಕೋಟಿ. ಹತ್ತು ಕೋಟಿಗೂ ಮೀರಿದ ಅಂತರ! ಅಂದು ಒಟ್ಟು ಬೆಲೆಯ ಲೆಕ್ಕದಲ್ಲಿ ಸೋತವರು ಇಂದು ಅದೇ ಲೆಕ್ಕದಿಂದ ಗೆದ್ದರು. ಮೂವತ್ತೆರಡು ವರ್ಷ ಆ ಪಾಠವನ್ನು ಮರೆಯದೆ ಇಟ್ಟುಕೊಂಡಿದ್ದರೋ ಏನೋ ಎಂದು ನನಗೆ ಅನ್ನಿಸಿತು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಇದಕ್ಕೆ ಆರೇಳು ತಿಂಗಳು ಮುಂಚೆ, 2016ರಲ್ಲಿ, ಅದೇ ದೇಶದ ಎಫ್.ಬಿ.ಐ. ತನ್ನ ಅಧಿಕಾರಿಗಳಿಗಾಗಿ ಗ್ಲಾಕನ್ನು ಆರಿಸಿತ್ತು. ಬ್ರಿಟನ್ನಿನ ಸೇನೆ 2013ರಲ್ಲಿ ಗ್ಲಾಕನ್ನೇ ಕೊಂಡಿತ್ತು. ಯಾರೂ ಮೂರ್ಖರಲ್ಲ, ಒಬ್ಬೊಬ್ಬರು ಕೇಳಿದ ಪ್ರಶ್ನೆ ಒಂದೊಂದು.

ಹಾಗಾದರೆ ಕೇಳದೆ ಬಿಟ್ಟ ಪ್ರಶ್ನೆ ಯಾವುದು? 2017ರ ಬೇಸಿಗೆಯಲ್ಲಿ ಅದು ಬೆಳಕಿಗೆ ಬಂದಿತು. ಮಾರುಕಟ್ಟೆಯಲ್ಲಿದ್ದ ಪಿ320 ಒಂದು ನಿರ್ದಿಷ್ಟ ಓರೆಯಲ್ಲಿ, ಹಿಂಭಾಗ ನೆಲಕ್ಕೆ ಬಡಿಯುವಂತೆ ಬಿದ್ದರೆ, ಯಾರೂ ಮುಟ್ಟದೆ ಗುಂಡು ಹಾರಬಹುದು ಎಂದು ಪರೀಕ್ಷಿಸಿದವರು ತೋರಿಸಿದರು. ಅಂಗೀಕೃತ ಬೀಳಿಸುವ ಪರೀಕ್ಷೆಗಳಲ್ಲಿ ಆ ಪಿಸ್ತೂಲು ಪಾಸಾಗಿತ್ತು. ಆ ಪರೀಕ್ಷೆಗಳಲ್ಲಿ ಈ ಓರೆ ಇರಲಿಲ್ಲ.

ಕಾರಣ ಬಹಳ ಸರಳವಾದದ್ದು, ನಿಮ್ಮ ಒಂಬತ್ತನೆಯ ತರಗತಿಯ ವಿಜ್ಞಾನದ್ದೇ. ಬಸ್ಸಿಗೆ ಬ್ರೇಕು ಹಾಕಿದಾಗ ನಿಂತವರು ಮುಂದಕ್ಕೆ ವಾಲುತ್ತಾರಲ್ಲ, ಜಡತ್ವ. ಹಿಂಭಾಗ ನೆಲಕ್ಕೆ ಬಡಿದು ಪಿಸ್ತೂಲು ನಿಂತಿತು; ಅದರ ಟ್ರಿಗರ್ ತುಸು ತೂಕದ್ದಾದ್ದರಿಂದ ನಿಲ್ಲದೆ ಹಿಂದಕ್ಕೆ ಚಲಿಸಿತು. ಬೆರಳಿನಿಂದ ಎಳೆದರೂ ಅಷ್ಟೇ, ನೆಲ ಎಳೆದರೂ ಅಷ್ಟೇ. ಗ್ಲಾಕಿನ ಟ್ರಿಗರಿನ ನಡುವೆ ಪುಟ್ಟ ನಾಲಗೆಯಂಥದೊಂದಿದೆ. ಬೆರಳು ಅದನ್ನು ಒತ್ತದ ಹೊರತು ಟ್ರಿಗರ್ ಹಿಂದಕ್ಕೆ ಸರಿಯದು. ಅಲ್ಲದೆ ಗುಂಡಿನ ತಳಕ್ಕೆ ಬಡಿಯುವ ಸ್ಟ್ರೈಕರ್ ಕಡ್ಡಿಯನ್ನು ಪಿ320ರಲ್ಲಿ ಬಹುತೇಕ ಪೂರ್ತಿಯಾಗಿ ಬಿಗಿದಿಟ್ಟಿರುತ್ತಾರೆ, ಗ್ಲಾಕಿನಲ್ಲಿ ಅರೆಬಿಗಿ. ಉಳಿದ ಬಿಗಿ ಟ್ರಿಗರ್ ಎಳೆದಾಗ ಬರುತ್ತದೆ. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಾಣುವ ಎರಡರ ಒಳಗೆ ಇಷ್ಟು ಅಂತರ. ಸಿಗ್ ಪರವಾಗಿಯೂ ಒಂದು ಮಾತು ಹೇಳಬೇಕು. ಶುಚಿ ಮಾಡಲು ಬಿಚ್ಚುವಾಗ ಗ್ಲಾಕಿನ ಟ್ರಿಗರನ್ನು ಎಳೆಯಲೇಬೇಕು. ಒಳಗೆ ಗುಂಡು ಉಳಿದಿದ್ದರೆ ಗತಿ ಏನು? ಪಿ320ರಲ್ಲಿ ಆ ಅಗತ್ಯವಿಲ್ಲ.

ಸಿಗ್ ಆಗಸ್ಟಿನಲ್ಲಿಯೇ ಟ್ರಿಗರನ್ನು ಹಗುರಗೊಳಿಸಿ ಮಾರಿದ ಪಿಸ್ತೂಲುಗಳಿಗೆ ಉಚಿತ ದುರಸ್ತಿಯನ್ನು ಪ್ರಕಟಿಸಿತು. ಸೈನ್ಯದ ಪರೀಕ್ಷೆಯಲ್ಲಿಯೂ ಈ ದೋಷ ಕಂಡು, ಅದನ್ನು ಸರಿಪಡಿಸಲಾಗಿತ್ತೆಂದು 2018ರ ಆರಂಭದಲ್ಲಿ ಹೊರಬಂದ ಅಮೆರಿಕದ ರಕ್ಷಣಾ ಇಲಾಖೆಯ ವರದಿಯಿಂದ ತಿಳಿಯಿತು. ಆ ಬಳಿಕವೂ ಸೊಂಟದ ಚೀಲದಲ್ಲಿದ್ದಾಗಲೇ ಗುಂಡು ಹಾರಿತೆಂದು ಹಲವರು ಮೊಕದ್ದಮೆ ಹೂಡಿದ್ದಾರೆ. ಟ್ರಿಗರ್ ಎಳೆಯದೆ ಹಾರುವುದಿಲ್ಲವೆಂಬುದು ಕಂಪನಿಯ ಖಚಿತ ನಿಲುವು. ನ್ಯಾಯಾಲಯಗಳ ತೀರ್ಪು ಎರಡೂ ಕಡೆಗೆ ಬಂದಿದೆ. 2025ರ ಜುಲೈಯಲ್ಲಿ ವಯೋಮಿಂಗ್ ರಾಜ್ಯದ ವಾಯುನೆಲೆಯೊಂದರಲ್ಲಿ ಇದೇ ಜಾತಿಯ ಪಿಸ್ತೂಲಿನಿಂದ ಯುವ ಸೈನಿಕನೊಬ್ಬ ಸತ್ತಾಗ ವಾಯುಸೇನೆಯ ಒಂದು ವಿಭಾಗವು ಅದರ ಬಳಕೆಯನ್ನೇ ನಿಲ್ಲಿಸಿತು. ಎಲ್ಲರೂ ಪಿಸ್ತೂಲನ್ನು ದೂರಿದರು. ಮುಂದಿನ ತಿಂಗಳು ಆ ಸಾವಿನ ಸಂಬಂಧ ಮತ್ತೊಬ್ಬ ಸೈನಿಕನನ್ನು ಬಂಧಿಸಿದ ಸುದ್ದಿ ಬಂದಿತು. ತಪಾಸಣೆಯಾಗಿ ಪಿಸ್ತೂಲುಗಳು ಮರಳಿ ಸೇವೆಗೆ ಸೇರಿದವು. ದೂರಿದವರಲ್ಲಿ ನಾನೂ ಒಬ್ಬ. ಪತ್ರದ ಮೊದಲ ಕರಡಿನಲ್ಲಿ ಬರೆದಿದ್ದ ಎರಡು ಸಾಲುಗಳನ್ನು ಹೊಡೆದುಹಾಕಬೇಕಾಯಿತು.

ಇಷ್ಟನ್ನೂ ಬರೆದು, ಕೊನೆಗೆ ಶಿಷ್ಯನಿಗೆ ಒಂದು ಪ್ರಶ್ನೆ ಹಾಕಿದೆ. "ಸೈನ್ಯಕ್ಕೆ ಬೇಕಾದದ್ದು ಎಲ್ಲ ಕೈಗಳಿಗೂ ಹೊಂದುವ ಪಿಸ್ತೂಲು. ನಿನ್ನ ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ನಿನಗೆ ಬೇಕಾದದ್ದು ಒಂದು ಕೈಗೆ ಎಂದಿಗೂ ಸಿಗದ ಪಿಸ್ತೂಲು. ನೀನು ತೋರಿಸಿದ ಎರಡೂ ಚಿತ್ರಗಳಲ್ಲಿ ಅದನ್ನು ಎಲ್ಲಿಡುತ್ತೀಯೆಂಬುದು ಕಾಣಲಿಲ್ಲ."

ಮೂರು ವಾರ ಉತ್ತರವಿರಲಿಲ್ಲ. ಮುನಿಸಿಕೊಂಡನೇನೋ ಎಂದುಕೊಂಡೆ, ದೊಡ್ಡವರಾದ ಶಿಷ್ಯರಿಗೆ ಕೇಳದ ಬುದ್ಧಿಮಾತು ಹೇಳುವುದು ನನ್ನ ಹಳೆಯ ದೌರ್ಬಲ್ಯ. ಮೊನ್ನೆ ಅವನ ಪತ್ರ ಬಂದಿತು. ಉಕ್ಕಿನ ಪೆಟ್ಟಿಗೆಯೊಂದನ್ನು ಕೊಂಡು ಗೋಡೆಗೆ ಕೂರಿಸಿದ್ದಾನಂತೆ, ಬೀಗದ ಸಂಖ್ಯೆ ಅವನಿಗೂ ಅವನ ಹೆಂಡತಿಗೂ ಮಾತ್ರ ಗೊತ್ತು. ಪಿಸ್ತೂಲು ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಅದರೊಳಗೆ ಪಾಸ್‌ಪೋರ್ಟುಗಳೂ ಅವನ ಅಜ್ಜಿಯ ಕಾಸಿನ ಸರವೂ ಇವೆಯಂತೆ.