ಹೇಳದೆ ಹುಟ್ಟಿದ ಹೆಸರುಗಳು

1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಹೊರತಂದಾಗ ಸಾದಾ ವೇರಿಯಬಲ್‌ಗಳನ್ನು ಮೊದಲೇ ಘೋಷಿಸುವ ಪದ್ಧತಿ ಇರಲಿಲ್ಲ. ಹೆಸರು ‘ಐ’ಯಿಂದ ‘ಎನ್’ವರೆಗಿನ ಅಕ್ಷರದಲ್ಲಿ ಶುರುವಾದರೆ ಪೂರ್ಣಾಂಕ, ಇಲ್ಲದಿದ್ದರೆ ದಶಮಾಂಶ, ಅಷ್ಟೇ ಲೆಕ್ಕ. ಖಾಲಿ ಜಾಗಕ್ಕೂ ಅಲ್ಲಿ ಬೆಲೆಯಿರಲಿಲ್ಲ. ಹಾಗಾಗಿ ‘ಡೂ 10 ಐ = 1,10’ ಎಂದು ಹತ್ತು ಸುತ್ತಿನ ಲೂಪ್ ಬರೆಯಹೊರಟವರು ಅಲ್ಪವಿರಾಮದ ಬದಲು ಚುಕ್ಕಿ ಇಟ್ಟರೆ, ಕಂಪೈಲರ್ ಚಕಾರವೆತ್ತದೆ ‘ಡೂ10ಐ’ ಎಂಬ ವೇರಿಯಬಲ್ ಹುಟ್ಟಿಸಿ ಅದಕ್ಕೆ 1.10 ತುಂಬುತ್ತಿತ್ತು. (1962ರಲ್ಲಿ ಮ್ಯಾರಿನರ್-1 ನೌಕೆ ನಾಶವಾದದ್ದು ಇದರಿಂದಲೇ ಎಂಬ ಕಥೆ ಇನ್ನೂ ಓಡಾಡುತ್ತಿದೆ, ಅಲ್ಲಿನ ಎಡವಟ್ಟೇ ಬೇರೆ.) ಆಲ್ಗಾಲ್ 60 ಮಾತ್ರ ಪ್ರತಿ ಹೆಸರನ್ನೂ ಬ್ಲಾಕಿನ ತಲೆಯಲ್ಲೇ ಹೇಳಬೇಕೆಂದು ಪಟ್ಟುಹಿಡಿಯಿತು. ಕೊನೆಗೆ ಫೋರ್ಟ್ರಾನೂ ಮಣಿಯಿತು: ‘ಇಂಪ್ಲಿಸಿಟ್ ನನ್’ ಎಂದು ಬರೆದು ಹಳೆಯ ಸಲಿಗೆಯನ್ನು ರದ್ದುಮಾಡುವ ದಾರಿ ಫೋರ್ಟ್ರಾನ್ 90ರಲ್ಲಿ ಅಧಿಕೃತವಾಯಿತು.

ಸ್ಕ್ರಿಪ್ಟಿಂಗ್ ಭಾಷೆಗಳು ಇದೇ ಹಾದಿಯನ್ನು ಮತ್ತೆ ಮೊದಲಿನಿಂದ ಸವೆಸಿದವು. 1977ರ ಆಕ್‌ಗೆ ಮುಂದೆ ಫಂಕ್ಷನ್‌ಗಳು ಬಂದಾಗ ಲೋಕಲ್ ವೇರಿಯಬಲ್‌ಗೆ ಪ್ರತ್ಯೇಕ ಜಾಗವೇ ಸಿಗಲಿಲ್ಲ. ಯಾರೂ ಕಳಿಸದ ಹೆಚ್ಚುವರಿ ಪ್ಯಾರಾಮೀಟರ್‌ಗಳನ್ನೇ ಲೋಕಲ್ ಎಂದು ಬಳಸುವ ಉಪಾಯ ರೂಢಿಯಾಯಿತು. 1987ರ ಪರ್ಲ್ ಏಳು ವರ್ಷಕ್ಕೆ, ಐದನೇ ಆವೃತ್ತಿಯಲ್ಲಿ, ಲೋಕಲ್ ಎಂದು ಘೋಷಿಸುವ ‘ಮೈ’ ತಂದಿತು. ಹೆಚ್ಚು ಪೆಟ್ಟು ತಿಂದದ್ದು 1995ರ ಜಾವಾಸ್ಕ್ರಿಪ್ಟ್. ಒಂದು ಫಂಕ್ಷನ್ ‘ಐ’ ಇಟ್ಟುಕೊಂಡು ಐದು ಸಾಲು ಎಣಿಸುತ್ತಿದೆ, ಪ್ರತಿ ಸುತ್ತಿನಲ್ಲೂ ಇನ್ನೊಂದನ್ನು ಕರೆಯುತ್ತಿದೆ, ಅದು ತಾನೂ ‘ಐ’ ಹಿಡಿದು ಹತ್ತರವರೆಗೆ ಎಣಿಸುತ್ತಿದೆ ಎನ್ನೋಣ. ಎರಡರಲ್ಲೂ ಘೋಷಣೆಯ ‘ವಾರ್’ ಬಿಟ್ಟುಹೋಗಿದ್ದರೆ ಎರಡೂ ಒಂದೇ ‘ಐ’. ಒಳಗಿನದು ಹತ್ತು ಮುಟ್ಟಿ ಮರಳುವಷ್ಟರಲ್ಲಿ ಹೊರಗಿನದು ತನ್ನ ಐದೂ ಮುಗಿದವೆಂದು ಒಂದೇ ಸುತ್ತಿಗೆ ಗಂಟುಮೂಟೆ ಕಟ್ಟುತ್ತದೆ. ಎರರ್ ಇಲ್ಲ, ನಾಲ್ಕು ಸಾಲಿನ ಲೆಕ್ಕ ಮಾತ್ರ ಮಾಯ. ಹೊರಗೆ ಹತ್ತು, ಒಳಗೆ ಐದು ಇದ್ದರಂತೂ ಲೂಪ್ ಮುಗಿಯುವುದೇ ಇಲ್ಲ. 2009ರ ಸ್ಟ್ರಿಕ್ಟ್ ಮೋಡ್ ಹೀಗೆ ಘೋಷಿಸದೆ ಬೆಲೆ ಕೊಡುವುದನ್ನು ಎರರ್ ಎಂದು ಸಾರಿತು. 2015ರಲ್ಲಿ ‘ಲೆಟ್’ ಬಂತು.

ಹತ್ತು ಸಾಲಿನ ಸ್ಕ್ರಿಪ್ಟಿಗೆ ಇಷ್ಟೆಲ್ಲ ಮಡಿ ಬೇಕೇ ಎನ್ನುವವರಿದ್ದಾರೆ. ಹತ್ತೇ ಸಾಲಾಗಿ ಉಳಿಯುವುದಾದರೆ ಬೇಡ. ಆದರೆ ಮೇಲಿನ ಭಾಷೆಗಳು ಬದಲಾದದ್ದೇ ಸ್ಕ್ರಿಪ್ಟುಗಳು ಹಾಗೆ ಉಳಿಯದ ಕಾರಣಕ್ಕೆ. ಗಟ್ಟಿ ಆಕ್ಷೇಪವೆಂದರೆ ಪೈಥಾನ್. ಅಲ್ಲಿ ಫಂಕ್ಷನ್ನಿನೊಳಗೆ ಬೆಲೆ ಕೊಟ್ಟ ಹೆಸರು ತಾನಾಗಿಯೇ ಲೋಕಲ್. ಜಾವಾಸ್ಕ್ರಿಪ್ಟಿನ ಆ ಸೋರಿಕೆ ಅಲ್ಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಘೋಷಣೆ ತಪ್ಪಲಿಲ್ಲ, ಅದರ ಹೊರೆ ಹೊರಗಿನ ಹೆಸರುಗಳ ಹೆಗಲಿಗೆ ಬಿತ್ತು: ಮೊದಲು ‘ಗ್ಲೋಬಲ್’, 2008ರ ಪೈಥಾನ್ 3ರಲ್ಲಿ ‘ನಾನ್‌ಲೋಕಲ್’. ಕಾಗುಣಿತ ತಪ್ಪಿದರೆ ಲಿಂಟರ್ ಹಿಡಿದುಕೊಡುತ್ತದೆ ಎಂಬ ಸಮಾಧಾನವೂ ಅರ್ಧ ಮಾತ್ರ ಸರಿ. ಸಮ ಚಿಹ್ನೆಯ ಎಡದಲ್ಲಿರುವ ಹೆಸರು ಹೊಸದೋ ಹಳೆಯದೋ ಎಂದು ಬರೆದವರು ಎಲ್ಲೂ ಹೇಳಿರುವುದಿಲ್ಲ, ಲಿಂಟರ್ ಊಹಿಸಬೇಕು. ಊಹೆ ಪೈಥಾನಿಗೂ ತಪ್ಪಿದ್ದಲ್ಲ. ಹೊರಗಿನ ‘ಎಕ್ಸ್’ ಅನ್ನು ಮುದ್ರಿಸುವ ಫಂಕ್ಷನ್ ನೆಟ್ಟಗೆ ನಡೆಯುತ್ತಿರುತ್ತದೆ. ಅದರ ಕೊನೆಗೆ ‘ಎಕ್ಸ್’ಗೆ ಒಂದು ಕೂಡಿಸುವ ಸಾಲು ಸೇರಿಸಿದರೆ ‘ಎಕ್ಸ್’ ಇಡೀ ಫಂಕ್ಷನ್ನಿಗೆ ಲೋಕಲ್ ಆಗಿಬಿಡುತ್ತದೆ, ಮುರಿಯುವುದು ಆ ಹೊಸ ಸಾಲಲ್ಲ, ಅದರ ಮೇಲೆ ಮೊದಲಿನಿಂದ ಇದ್ದ ಮುದ್ರಿಸುವ ಸಾಲು. ಹೀಗೇಕೆ ಎಂಬ ಪ್ರಶ್ನೆ ಪೈಥಾನಿನ ಅಧಿಕೃತ ಪ್ರಶ್ನೋತ್ತರದಲ್ಲೇ ಇದೆ.